ಟ್ವೈಲಾ ಬೆಗ್ಲಿಯ ಮಣಿಕಟ್ಟು

ಸಾವಿರ ಡಾಲರಿನ ಪಿಸ್ತೂಲು ಚೆನ್ನಾಗಿದೆ ಎಂದು ಹೇಳಲು ಯಾವ ಜಾಣತನವೂ ಬೇಡ ಎಂಬುದು ವರ್ಲಿನ್ ಸ್ಟ್ಯಾಂಪರ್‌ನ ವಾದ. ಬಣ್ಣದ ಮಾಸಪತ್ರಿಕೆಗಳು ಆ ಕೆಲಸವನ್ನು ಮಾಡುತ್ತಲೇ ಇವೆ. ಓಹಾಯೊದ ಈ ಮೂಲೆಯ ನಮ್ಮ ಕೌಂಟಿಯಲ್ಲಿ ಜನ ಕೊಳ್ಳುವುದು ಅದರ ಕಾಲು ಭಾಗ ಬೆಲೆಯದನ್ನು. ಅಂಥವುಗಳ ಬಗ್ಗೆ ಯಾರೂ ಬರೆಯುವುದಿಲ್ಲ. ನಾನು ನಡೆಸುವ ವಾರಪತ್ರಿಕೆಯಲ್ಲಿ, ಹುಲ್ಲಿನ ದರಕ್ಕೂ ನಿಧನ ವಾರ್ತೆಗೂ ನಡುವಿನ ಜಾಗದಲ್ಲಿ, ತಿಂಗಳಿಗೊಮ್ಮೆ ಅವನು ಬರೆಯುತ್ತಿದ್ದ.

ಅವನ ಪರೀಕ್ಷೆಗೆ ಕೆಲವು ನಿಯಮಗಳಿದ್ದವು. ಕಂಪನಿಯವರು ಕಳಿಸುವ ಮಾದರಿಯನ್ನು ಮುಟ್ಟುತ್ತಿರಲಿಲ್ಲ. ಅದು ಆರಿಸಿ ಕಳಿಸಿದ್ದು ಎಂದು ಅವನ ಅನುಮಾನ. ಬರ್ಲ್ ಕಾಂಕಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ರಾಶಿಯಲ್ಲಿ ಮೇಲಿರುವ ಪೆಟ್ಟಿಗೆಯನ್ನೇ ಎಲ್ಲರಂತೆ ದುಡ್ಡು ಕೊಟ್ಟು ತರುತ್ತಿದ್ದ. ವರ್ಲಿನ್ ಲೋಹದ ಅಚ್ಚು ಕೊರೆಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಪಿಸ್ತೂಲನ್ನು ಬಿಚ್ಚಿ, ಉಕ್ಕಿನ ಮೇಲೆ ಉಳಿದ ಉಳಿಯ ಗೆರೆಗಳನ್ನು ಮಸೂರ ಹಿಡಿದು ನೋಡುತ್ತಿದ್ದ. ಆಮೇಲೆ ಸಿಗುವುದರಲ್ಲೇ ಅಗ್ಗದ ಗುಂಡುಗಳನ್ನು ತಂದು, ಒಮ್ಮೆಯೂ ಒರೆಸದೆ ಎಣ್ಣೆ ಹಾಕದೆ, ಐನೂರು ಹಾರಿಸುತ್ತಿದ್ದ. ನಡುವೆ ಒಂದು ವಾರ ಅದು ಅವನ ಪಿಕಪ್ಪಿನ ಹಿಂಬದಿಯಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತಿತ್ತು. ಕೊನೆಗೆ ತೀರ್ಪು. ಅವನ ತೀರ್ಪಿನಲ್ಲಿ ಮೂರೇ ಮಾತು: ಆಗುತ್ತೆ, ಆಗಲ್ಲ, ನೋಡೋಣ. ಬರ್ಲ್‌ನ ಅಂಗಡಿಗೆ ಬಂದವರು ಬೆಲೆ ಕೇಳುವ ಮೊದಲು ಇದನ್ನು ಕೇಳುತ್ತಿದ್ದರು: ‘ವರ್ಲಿನ್ ಆಗುತ್ತೆ ಅಂದಿದ್ದಾನಾ?’

ಆ ವರ್ಷದ ಮಾರ್ಚ್‌ನಲ್ಲಿ ಅವನು ಎರಡು ಪಿಸ್ತೂಲುಗಳ ಬಗ್ಗೆ ಬರೆದ. ಒಂದು ಹೊಸದಾಗಿ ಬಂದದ್ದು, ಪ್ಲಾಸ್ಟಿಕ್ ಹಿಡಿಕೆಯದು, ತೆಳ್ಳಗೆ, ಹಗುರ. ಅಂಗಡಿಯ ಗಂಡಸರು ಅದಕ್ಕೆ ಚೆಲುವ ಎಂದು ಹೆಸರಿಟ್ಟಿದ್ದರು. ಇನ್ನೊಂದು ಬಹಳ ವರ್ಷಗಳಿಂದ ಇರುವುದು, ಎರಕ ಹೊಯ್ದ ದಪ್ಪ ಲೋಹದ್ದು, ಗುರಿಕಣ್ಣು ಸೊಟ್ಟ, ಟ್ರಿಗರ್ ಎಳೆದರೆ ಮರಳಿನ ಮೇಲೆ ಪೆಟ್ಟಿಗೆ ಎಳೆದ ಹಾಗೆ. ಅದರ ಹೆಸರು ಇಟ್ಟಿಗೆ. ಅಂಗಡಿಯ ಅರ್ಧ ನಗೆಚಾಟಿಕೆಗಳು ಅದರ ಮೇಲೆಯೇ. ಚೆಲುವನಿಗೆ ವರ್ಲಿನ್ ಆಗುತ್ತೆ ಎಂದು ಬರೆದ. ಇಟ್ಟಿಗೆಗೆ ಆಗಲ್ಲ. ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ ನಿಜ, ಆದರೆ ಮಾಡಿದವರ ಕೈಕೆಲಸದಲ್ಲಿ ನಾಚಿಕೆ ಇಲ್ಲ ಎಂಬುದು ಅವನ ಕಾರಣ. ನಾನು ಅದನ್ನು ಹಾಗೆಯೇ ಅಚ್ಚು ಹಾಕಿದೆ.

ಏಪ್ರಿಲ್‌ನ ಒಂದು ಮಂಗಳವಾರ ಟ್ವೈಲಾ ಬೆಗ್ಲಿ ಅಂಗಡಿಗೆ ಬಂದಾಗ ನಾನು ಅಲ್ಲಿಯೇ ಇದ್ದೆ. ಬರ್ಲ್ ಜಾಹೀರಾತಿನ ವಿಷಯ ಮಾತಾಡುತ್ತಿದ್ದ, ವರ್ಲಿನ್ ಒಲೆಯ ಪಕ್ಕದ ಸ್ಟೂಲಿನಲ್ಲಿ ಕಾಫಿ ಕುಡಿಯುತ್ತಿದ್ದ. ಟ್ವೈಲಾ ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವವಳು. ವಯಸ್ಸು ನಲವತ್ತರ ಆಚೆ. ನೀಲಿ ಸಮವಸ್ತ್ರದಲ್ಲೇ ಬಂದಿದ್ದಳು. ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಚೆಲುವನ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟಳು.

‘ಇದು ನಿಂತುಹೋಗ್ತಿದೆ,’ ಎಂದಳು. ‘ಮನೆ ಹಿಂದೆ ನಿನ್ನೆ ಹಾರಿಸಿ ನೋಡಿದೆ. ಎರಡೋ ಮೂರೋ ಹೋಗುತ್ತೆ, ಆಮೇಲೆ ಖಾಲಿ ತೋಟಾ ಮೇಲ್ಗಡೆ ಹೊಗೆ ಚಿಮಣಿ ಥರ ನಿಂತ್ಕೊಳ್ಳುತ್ತೆ.’

ಬರ್ಲ್ ಪೆಟ್ಟಿಗೆ ತೆರೆಯಲೂ ಇಲ್ಲ. ‘ಬಂದೂಕಿಗೆ ಏನೂ ಆಗಿಲ್ಲ ಕಣಮ್ಮ. ಮಣಿಕಟ್ಟು ಸಡಿಲ. ಹೆಂಗಸರ ಕೈಲಿ ಹೀಗೇನೆ.’

‘ಈ ಮಣಿಕಟ್ಟಲ್ಲೇ ಆಳೆತ್ತರದ ಗಂಡಸರನ್ನ ಎತ್ತಿ ಬಚ್ಚಲಲ್ಲಿ ಕೂರಿಸ್ತೀನಿ, ಬರ್ಲ್. ನಿಮ್ಮಪ್ಪನ್ನೂ ಎತ್ತಿದ್ದೆ. ಆಗ ಯಾರೂ ಸಡಿಲ ಅನ್ನಲಿಲ್ಲ.’

ವರ್ಲಿನ್ ನಕ್ಕ. ಬರ್ಲ್‌ಗೂ ನಗು ಬಂತು, ಆದರೆ ಮಾತು ಬದಲಿಸಲಿಲ್ಲ. ‘ಹೊರಗೆ ಹೋದ ಬಂದೂಕು ಒಳಗೆ ಬರಲ್ಲ. ಅದು ಈ ಅಂಗಡಿ ನಿಯಮ ಮಾತ್ರ ಅಲ್ಲ, ಎಲ್ಲಾ ಅಂಗಡೀದೂ.’

‘ದುಡ್ಡು ವಾಪಸ್ ಕೇಳೋಕೆ ಬಂದಿಲ್ಲ. ಕೆಲಸ ಮಾಡೋ ಹಾಗೆ ಮಾಡಿಕೊಡಿ ಅಂತ ಬಂದೆ. ಶುಕ್ರವಾರ ಲಾನಿ ಹೊರಗೆ ಬರ್ತಾನೆ.’

ನಮಗೆಲ್ಲ ಗೊತ್ತಿದ್ದ ವಿಷಯ. ಲಾನಿ ಬೆಗ್ಲಿ ಅವಳ ಹಿಂದಿನ ಗಂಡ. ಅವನು ಕೌಂಟಿ ಜೈಲಿಗೆ ಹೋದದ್ದು ಯಾಕೆ ಎಂಬುದನ್ನು ನನ್ನ ಪತ್ರಿಕೆಯೇ ಮೂರು ಸಾಲಿನಲ್ಲಿ ವರದಿ ಮಾಡಿತ್ತು. ಅವನು ಅವಳ ಮನೆಯ ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶವಿದೆ. ಮನೆ ಇರುವುದು ಕಣಿವೆಯ ತುದಿಯಲ್ಲಿ. ಶೆರಿಫ್‌ನ ಕಾರು ಅಲ್ಲಿಗೆ ತಲುಪಲು ಅರ್ಧ ಗಂಟೆ ಬೇಕು, ಅದೂ ಕಾರು ಊರಿನಲ್ಲಿ ಸಿಕ್ಕಿದರೆ.

‘ನಿಮ್ಮ ಬರಹ ಓದಿಯೇ ತಗೊಂಡಿದ್ದು,’ ಎಂದು ಅವಳು ವರ್ಲಿನ್ ಕಡೆ ತಿರುಗಿದಳು. ದೂರುವ ದನಿಯಲ್ಲಿ ಹೇಳಲಿಲ್ಲ.

ವರ್ಲಿನ್ ಕಾಫಿ ಲೋಟವನ್ನು ಕೆಳಗಿಟ್ಟ. ‘ಕ್ವಾರಿಗೆ ಹೋಗೋಣ ನಡಿ.’

ಅಂಗಡಿಯ ಹಿಂದೆ ಹಳೆಯ ಸುಣ್ಣಕಲ್ಲಿನ ಕ್ವಾರಿಯಿದೆ. ಗುರಿ ಅಭ್ಯಾಸಕ್ಕೆ ಎಲ್ಲರೂ ಅಲ್ಲಿಗೇ ಹೋಗುವುದು. ಬರ್ಲ್ ಅಂಗಡಿಯ ಬಾಗಿಲಿಗೆ ಬೋರ್ಡು ತೂಗುಹಾಕಿ ನಮ್ಮ ಜೊತೆ ವರ್ಲಿನ್‌ನ ಪಿಕಪ್ ಹತ್ತಿ ಬಂದ. ತಮಾಷೆ ನೋಡಲು ಬಂದ ಎಂದೇ ಆಗ ನನಗೆ ಅನ್ನಿಸಿತು.

ಮೊದಲು ವರ್ಲಿನ್ ಹಾರಿಸಿದ. ಟ್ವೈಲಾಳ ಪಿಸ್ತೂಲು, ಟ್ವೈಲಾಳ ಗುಂಡು. ಗುಂಡು ತುಂಬುವ ಮ್ಯಾಗಜೀನ್ ಒಂದು ಖಾಲಿಯಾಯಿತು, ಇನ್ನೊಂದು ಖಾಲಿಯಾಯಿತು, ಎಲ್ಲಿಯೂ ತಡೆಯಲಿಲ್ಲ. ಕಾಗದದ ಗುರಿಯಲ್ಲಿ ತೂತುಗಳು ಒಂದರ ಪಕ್ಕ ಒಂದು ಬಿದ್ದಿದ್ದವು.

‘ನೋಡಿದ್ಯಾ,’ ಎಂದ ಬರ್ಲ್. ‘ಬಂದೂಕು ಬಂದೂಕಿನ ಹಾಗೇ ಇದೆ.’

ಟ್ವೈಲಾ ಪಿಸ್ತೂಲು ತೆಗೆದುಕೊಂಡಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಖಾಲಿ ತೋಟಾ ಸ್ಲೈಡಿನ, ಅಂದರೆ ಮೇಲಿನ ಜಾರುವ ಭಾಗದ, ಕಿಟಕಿಯಲ್ಲಿ ಸಿಕ್ಕಿಕೊಂಡು ನೆಟ್ಟಗೆ ನಿಂತಿತು. ಅವಳು ಹೇಳಿದ ಹಾಗೆಯೇ ಚಿಮಣಿ.

ವರ್ಲಿನ್ ತಾಳ್ಮೆಯಿಂದ ಕಲಿಸಿಕೊಟ್ಟ. ಎರಡೂ ಕೈಯಲ್ಲಿ ಹಿಡಿ, ಮೊಣಕೈ ಬಿಗಿ, ಭುಜ ಮುಂದಕ್ಕೆ. ಅವಳು ಹಾಗೆಯೇ ಮಾಡಿದಳು. ಒಂದು ಮ್ಯಾಗಜೀನ್ ಸರಾಗವಾಗಿ ಹೋಯಿತು. ಎರಡನೆಯದರಲ್ಲಿ ಒಮ್ಮೆ ನಿಂತಿತು. ಮೂರನೆಯದರ ಹೊತ್ತಿಗೆ ಅವಳು ತುಟಿ ಕಚ್ಚಿಕೊಂಡಿದ್ದಳು. ಪಟ್ಟಿ ಸುತ್ತಿದ ಮಣಿಕಟ್ಟು ನೋಯುತ್ತಿತ್ತು.

‘ದಿನಾ ಬಂದು ಅಭ್ಯಾಸ ಮಾಡಿದ್ರೆ ಬರುತ್ತೆ,’ ಎಂದ ವರ್ಲಿನ್. ‘ತಪ್ಪು ನಿಂದಲ್ಲ. ಹಗುರದ ಪಿಸ್ತೂಲು ಹೀಗೇ. ಗುಂಡು ಹಾರಿದಾಗ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗಬೇಕು. ಹೋಗಬೇಕಾದರೆ ಹಿಂದೆ ಕೈ ಗೋಡೆ ಥರ ನಿಂತಿರಬೇಕು. ಕೈ ಜೊತೆಗೇ ಹಿಂದೆ ಹೋದ್ರೆ ಸ್ಲೈಡು ಅರ್ಧದಲ್ಲೇ ವಾಪಸ್ ಬಂದು ತೋಟಾನ ಕಚ್ಕೊಳ್ಳುತ್ತೆ.’

‘ಶುಕ್ರವಾರದೊಳಗೆ ಗೋಡೆ ಆಗಬೇಕು ಅಂತೀರಾ?’

‘ಎರಡೂ ಕೈಲಿ ಹಿಡಿದ್ರೆ...’

‘ಒಂದು ಕೈಲಿ ಫೋನ್ ಇರುತ್ತೆ, ವರ್ಲಿನ್. ಶೆರಿಫ್‌ಗೆ ಯಾರು ಹೇಳ್ತಾರೆ? ಕೋಳಿಗಳಾ?’

ಬರ್ಲ್ ನಕ್ಕು ಬಾಯಿ ಮುಚ್ಚಿಕೊಂಡ.

ಟ್ವೈಲಾ ಪಿಸ್ತೂಲನ್ನು ಖಾಲಿ ಮಾಡಿ, ಸ್ಲೈಡ್ ಹಿಂದಕ್ಕೆ ಎಳೆದು ನಿಲ್ಲಿಸಿ, ಅಲ್ಲಿನ ಮೇಜಿನ ಮೇಲಿಟ್ಟಳು. ‘ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಐನೂರು ಹಾರಿಸಿದೆ ಅಂತ ಬರೆದಿದ್ರಲ್ಲ. ಅದರಲ್ಲಿ ಎಷ್ಟನ್ನ ನಾನು ಹಿಡಿಯೋ ಹಾಗೆ ಹಿಡಿದು ಹಾರಿಸಿದ್ರಿ?’

‘ಹಾಗೆ ಹಿಡಿಯೋದು ತಪ್ಪು.’

‘ತಪ್ಪೇ ಇರಲಿ. ಎಷ್ಟು?’

ವರ್ಲಿನ್ ಮ್ಯಾಗಜೀನ್ ತುಂಬಿಸಿಕೊಂಡು ಗುರಿಯ ಎದುರು ನಿಂತ. ‘ಸಡಿಲ ಹಿಡಿದು ತೋರಿಸ್ತೀನಿ, ನೋಡು,’ ಎಂದ. ಹಾರಿಸಿದ. ಪಿಸ್ತೂಲು ನಿಲ್ಲಲಿಲ್ಲ.

‘ಅದು ಸಡಿಲ ಅಲ್ಲ,’ ಎಂದೆ ನಾನು. ಪಕ್ಕದಲ್ಲಿ ನಿಂತಿದ್ದರಿಂದ ಅವನ ಮುಂಗೈಯ ನರಗಳು ಹುರಿಯಂತೆ ಎದ್ದದ್ದು ನನಗೆ ಕಂಡಿತ್ತು.

ಅವನು ಕೈ ಕೊಡವಿ ಮತ್ತೆ ಹಿಡಿದ. ಹಿಡಿಯುವಾಗ ನಿಜಕ್ಕೂ ಸಡಿಲವಾಗಿತ್ತು. ಟ್ರಿಗರ್ ಮೇಲೆ ಬೆರಳು ಬಂದ ಕೂಡಲೇ ಕೈ ತಾನಾಗಿ ಬಿಗಿಯಾಯಿತು. ಮತ್ತೆ ಪ್ರಯತ್ನಿಸಿದ. ಎರಡೇ ಬೆರಳಲ್ಲಿ ಹಿಡಿದ, ಮೊಣಕೈ ಮಡಚಿದ, ಒಮ್ಮೆ ಕಣ್ಣು ಬೇರೆಡೆಗೆ ತಿರುಗಿಸಿದ. ಪ್ರತಿ ಸಲವೂ ಗುಂಡು ಹಾರುವ ಹೊತ್ತಿಗೆ ಆ ಕೈ ಗೋಡೆಯಾಗಿ ನಿಂತಿರುತ್ತಿತ್ತು.

‘ಏನೋ ವರ್ಲಿನ್,’ ಎಂದ ಬರ್ಲ್. ‘ಕೆಟ್ಟದಾಗಿ ಹಿಡಿಯೋಕೂ ಬರಲ್ವಾ ನಿನಗೆ? ನಮ್ಮನೇಲಿ ಅತ್ತೆ ಇದ್ದಾಳೆ, ಪಾಠ ಹೇಳಿಸ್ತೀನಿ.’

ಈ ಸಲ ವರ್ಲಿನ್ ನಗಲಿಲ್ಲ. ಪಿಕಪ್ಪಿನ ಹಿಂಬಾಗಿಲನ್ನು ಇಳಿಸಿ ಅದರ ಮೇಲೆ ಕುಳಿತು ತನ್ನ ಕೈಯನ್ನು ನೋಡಿಕೊಂಡ. ‘ಇದು ಹೇಳಿದ ಮಾತು ಕೇಳಲ್ಲ,’ ಎಂದ.

ಆ ಹೊತ್ತಿನಲ್ಲಿ ಬರ್ಲ್ ಅಂಗಡಿಗೆ ಹೋಗಿ ಬಂದ. ಕೈಯಲ್ಲಿ ಇಟ್ಟಿಗೆ ಇತ್ತು. ಯಾರೋ ಮಾರಿಹೋದ ಹಳೆಯದು, ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು. ‘ತಗೋ ಟ್ವೈಲಾ. ಇದು ಹಾರದಿದ್ರೂ ಪರವಾಗಿಲ್ಲ, ಎತ್ತಿ ಎಸೆದ್ರೆ ಲಾನಿ ಬಿದ್ದುಹೋಗ್ತಾನೆ.’

ಅವನು ತಮಾಷೆಗೆ ತಂದನೋ, ಬೇರೆ ಯೋಚನೆ ಇತ್ತೋ, ಆಮೇಲೆ ನಾನು ಕೇಳಿದೆ. ಎರಡೂ ಎಂದ.

ಟ್ವೈಲಾ ಅದನ್ನು ಕೈಯಲ್ಲಿ ತೂಗಿ ನೋಡಿದಳು. ಎಡಗೈಯಿಂದ ಸಮವಸ್ತ್ರದ ಜೇಬಿನಿಂದ ಫೋನ್ ತೆಗೆದು ಕಿವಿಗೆ ಹಿಡಿದುಕೊಂಡಳು. ಬಲಗೈಯೊಂದರಲ್ಲೇ ಇಟ್ಟಿಗೆಯನ್ನು ಚಾಚಿ ಹಾರಿಸಿದಳು. ಮ್ಯಾಗಜೀನ್ ಪೂರ್ತಿ ಖಾಲಿಯಾಯಿತು. ಬರ್ಲ್ ಇನ್ನೊಂದನ್ನು ತುಂಬಿಸಿ ಕೊಟ್ಟ. ಈ ಸಲ ಅವಳು ಬೇಕೆಂದೇ ಕೈ ಸಡಿಲ ಬಿಟ್ಟಳು; ಪಿಸ್ತೂಲಿನ ಮೂತಿ ಪ್ರತಿ ಗುಂಡಿಗೂ ಆಕಾಶಕ್ಕೆ ಎಗರುತ್ತಿತ್ತು. ಒಂದು ತೋಟಾವೂ ಸಿಕ್ಕಿಕೊಳ್ಳಲಿಲ್ಲ. ಮೂರನೆಯದರಲ್ಲಿ ಸೊಂಟದ ಹತ್ತಿರವೇ ಹಿಡಿದು, ಮೊಣಕೈ ಮಡಚಿ ಹಾರಿಸಿದಳು. ಗುರಿ ಎಲ್ಲೆಲ್ಲಿಗೋ ಹೋಯಿತು, ಪಿಸ್ತೂಲು ನಿಲ್ಲಲಿಲ್ಲ. ಆದರೆ ತೂಕಕ್ಕೆ ಅವಳ ತೋಳು ಕೆಳಗೆ ಜಗ್ಗುತ್ತಿತ್ತು. ಇದನ್ನೂ ಹೇಳಬೇಕು.

‘ಇದ್ಯಾಕೆ ನಿಲ್ಲಲ್ಲ?’ ಎಂದು ಕೇಳಿದಳು.

ವರ್ಲಿನ್ ಹಿಂಬಾಗಿಲಿನ ಮೇಲಿಂದಲೇ ಹೇಳಿದ. ‘ಸ್ಲೈಡು ಅಷ್ಟು ಭಾರ. ಅದನ್ನ ತಡೆಯೋದು ಅದರ ತೂಕ ಮತ್ತು ಸ್ಪ್ರಿಂಗು. ಬೇರೆ ಜಾಣತನ ಏನೂ ಇಲ್ಲ ಅದರಲ್ಲಿ. ಹಿಂದೆ ಯಾರ ಕೈ ಇದೆ ಅಂತ ಅದಕ್ಕೆ ಅಷ್ಟು ಲೆಕ್ಕ ಇಲ್ಲ.’ ಆಮೇಲೆ, ‘ಅದರಲ್ಲಿ ನಾನು ನೋಡಿದ್ದು ಸೊಟ್ಟ ಗುರಿಕಣ್ಣು,’ ಎಂದ.

‘ಮನೆ ಹಜಾರ ಹದಿನೈದು ಅಡಿ ಇದೆ,’ ಎಂದಳು ಟ್ವೈಲಾ. ‘ಅಷ್ಟರಲ್ಲಿ ಎಷ್ಟು ಸೊಟ್ಟ ಆದೀತು?’

ಅಂಗಡಿಗೆ ಮರಳಿದಾಗ ಬರ್ಲ್ ತನ್ನ ನಿಯಮದ ಬಗ್ಗೆ ಏನೋ ಶುರುಮಾಡಿದ. ವರ್ಲಿನ್ ಅವನ ಮಾತು ತಡೆದ. ಚೆಲುವನನ್ನು ತಾನೇ ಅವಳಿಂದ ಕೊಳ್ಳುವುದಾಗಿಯೂ, ಆ ದುಡ್ಡಿನಲ್ಲಿ ಇಟ್ಟಿಗೆಯನ್ನು ಅವಳಿಗೆ ಕೊಡಬೇಕೆಂದೂ ಹೇಳಿದ. ಬಂದೂಕು ಕೊಳ್ಳುವವರ ಹಿನ್ನೆಲೆ ವಿಚಾರಿಸುವ ಸರ್ಕಾರಿ ಫೋನ್ ಮುಗಿಯುವವರೆಗೆ ಟ್ವೈಲಾ ಗೋಡೆಗೆ ಒರಗಿ ನಿಂತು ಬರ್ಲ್‌ನ ಹುರಿದ ಕಡಲೆಕಾಯಿ ತಿಂದಳು. ಅವಳ ಮುಂದಿನ ರೋಗಿಗೆ ಊಟದ ಹೊತ್ತಾಗಿತ್ತು.

ಅವಳು ಹೋದ ಮೇಲೆ ನಾನು ನನ್ನ ಕೆಲಸದ ಮಾತು ಎತ್ತಿದೆ. ಪತ್ರಿಕೆ ಅಚ್ಚಿಗೆ ಹೋಗುವುದು ಬುಧವಾರ.

‘ತಿದ್ದುಪಡಿ ಹಾಕಬೇಕು, ವರ್ಲಿನ್.’

‘ಯಾವುದು ತಪ್ಪು ಅಂತ ಹೇಳು, ತಿದ್ದುತ್ತೀನಿ,’ ಎಂದ ಅವನು. ‘ಐನೂರಕ್ಕೆ ಐನೂರು ಹಾರಿತು. ಸುಳ್ಳಾ?’

‘ಸುಳ್ಳಲ್ಲ.’

‘ಮತ್ತೆ?’

‘ಯಾರ ಕೈಲಿ ಅಂತ ಇರಲಿಲ್ಲ.’

‘ಮೇಲೆ ನನ್ನ ಹೆಸರೇ ಇರುತ್ತಲ್ಲ ಮಾರಾಯ, ಪ್ರತಿ ತಿಂಗಳೂ.’

‘ಇರುತ್ತೆ. ಆದರೆ ಓದೋರು ಅದನ್ನ ತಮ್ಮ ಕೈ ಅಂದ್ಕೊಂಡು ಓದ್ತಾರೆ. ಅವಳು ಹಾಗೇ ಓದಿದಳು.’

ಅವನ ಕಷ್ಟ ನನಗೆ ಅರ್ಥವಾಗುತ್ತಿತ್ತು. ವರದಿಯಲ್ಲಿ ಇಸವಿ ತಪ್ಪಿದರೆ, ಹೆಸರಿನ ಅಕ್ಷರ ತಪ್ಪಿದರೆ ತಿದ್ದುಪಡಿ ಹಾಕುವುದು ಸುಲಭ. ಇಲ್ಲಿ ಬರೆದದ್ದೆಲ್ಲ ಸರಿಯಾಗಿತ್ತು. ಅವನು ಕಾರ್ಖಾನೆಯಲ್ಲಿ ಕಲಿತದ್ದು ವಸ್ತುವನ್ನು ಅಳೆಯುವುದು. ಉಕ್ಕಿನ ಗಡಸು, ಗೆರೆಯ ನಯ, ಸ್ಪ್ರಿಂಗಿನ ಬಲ ಎಲ್ಲವೂ ವಸ್ತುವಿನೊಳಗೇ ಇರುತ್ತವೆ, ಯಾರು ಅಳೆದರೂ ಅಷ್ಟೇ ಬರುತ್ತವೆ. ಹಿಡಿಯುವವನ ಕೈಯೂ ಯಂತ್ರದ ಒಂದು ಭಾಗ ಎಂದರೆ, ಅವನು ಇಷ್ಟು ವರ್ಷ ಕೊಟ್ಟ ತೀರ್ಪುಗಳಲ್ಲಿ ಒಂದು ಬಿಡಿಭಾಗ ಸದಾ ಒಳ್ಳೆಯದೇ ಇತ್ತು. ದುಬಾರಿ ಪಿಸ್ತೂಲು ಕೊಳ್ಳುವವರು ಅಭ್ಯಾಸಕ್ಕೂ ಹಣ ಸುರಿಯುತ್ತಾರೆ, ಅವರ ಕೈ ಪಳಗಿರುತ್ತದೆ. ಅಗ್ಗದ್ದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಒಂದು ಡಬ್ಬಿ ಗುಂಡು ಕೊಂಡು, ಅರ್ಧ ಹಾರಿಸಿ, ಡ್ರಾಯರಿನಲ್ಲಿ ಇಡುತ್ತಾರೆ. ವರ್ಲಿನ್ ಅವರಿಗಾಗಿಯೇ ಬರೆಯುತ್ತಿದ್ದ.

‘ಪೆನ್ನು ಕೊಡು,’ ಎಂದ ಕೊನೆಗೆ.

ಬರೆದದ್ದು ಇಷ್ಟು: ‘ಕಳೆದ ತಿಂಗಳು ನಾನು ಆಗುತ್ತೆ ಎಂದ ಪಿಸ್ತೂಲನ್ನು ಹಾರಿಸಿದ್ದು ನನ್ನ ಎರಡು ಕೈಗಳು. ಅವಕ್ಕೆ ನಲವತ್ತು ವರ್ಷದ ಅಭ್ಯಾಸವಿದೆ. ಒಂದು ಕೈಯಲ್ಲಿ, ನೋವಿರುವ ಮಣಿಕಟ್ಟಿನಲ್ಲಿ, ಅದು ನಿಲ್ಲುತ್ತದೆ. ನಾನು ಆಗಲ್ಲ ಎಂದದ್ದು ಅದೇ ಕೈಯಲ್ಲಿ ನಿಲ್ಲಲಿಲ್ಲ. ನನ್ನ ಮಾತು ಕೇಳಿ ಕೊಂಡವರು ಶನಿವಾರ ಬೆಳಿಗ್ಗೆ ಕ್ವಾರಿಗೆ ಬಂದು ತಮ್ಮ ಕೈಯಲ್ಲೇ ನೋಡಿಕೊಳ್ಳಬೇಕು. ಗುಂಡು ನನ್ನದು.’

ಬರ್ಲ್ ಅದನ್ನು ಓದಿ, ‘ನನ್ನ ವ್ಯಾಪಾರ ಮುಳುಗಿಸ್ತೀಯಲ್ಲೋ,’ ಎಂದ. ಆಮೇಲೆ ಗುಂಡನ್ನು ತಾನೇ ಅಸಲು ಬೆಲೆಗೆ ಕೊಡುವುದಾಗಿ ಹೇಳಿದ.

ಶನಿವಾರ ನಾನು ಕ್ವಾರಿಗೆ ಹೋಗುವ ಮೊದಲು ಟ್ವೈಲಾಗೆ ಫೋನ್ ಮಾಡಿದೆ. ಸುದ್ದಿಗಾಗಿ ಅಲ್ಲ. ಆದರೂ ಕೇಳಿದ್ದು ಸುದ್ದಿಗಾರನ ಪ್ರಶ್ನೆಗಳನ್ನೇ.

ಲಾನಿ ಬಂದಿದ್ದ. ಶುಕ್ರವಾರ ಸಂಜೆ, ಅವಳು ಕೆಲಸ ಮುಗಿಸಿ ಬಂದ ಸ್ವಲ್ಪ ಹೊತ್ತಿಗೆ. ಜಗಲಿ ಹತ್ತಿ ಬಾಗಿಲು ಬಡಿದ. ಒಳಗಿನ ಸರಪಳಿ ಹಾಕಿತ್ತು. ಬಾಗಿಲು ನೂಕಿದಾಗ ಸಂದಿಯಲ್ಲಿ ಅವಳ ಕೈ ಕಂಡಿತು, ಕೈಯಲ್ಲಿದ್ದದ್ದೂ ಕಂಡಿತು. ಬೈದ. ಜಗಲಿಯ ಹೂಕುಂಡ ಒದ್ದು ಟ್ರಕ್ ಹತ್ತಿ ಹೋದ. ಶೆರಿಫ್‌ನವರು ಹೆದ್ದಾರಿಯ ಪೆಟ್ರೋಲ್ ಬಂಕಿನ ಹತ್ತಿರ ಅವನನ್ನು ಹಿಡಿದರು. ಆದೇಶ ಮೀರಿದ್ದಕ್ಕೆ ಮತ್ತೆ ಒಳಗೆ, ಎಷ್ಟು ದಿನವೋ ಸೋಮವಾರ ನ್ಯಾಯಾಧೀಶರು ಹೇಳುತ್ತಾರೆ.

‘ಹೆದರಿಕೆ ಆಯ್ತಾ?’

‘ಆಯ್ತು. ಆದರೆ ಇದು ಹಾರುತ್ತೋ ಇಲ್ಲವೋ ಅನ್ನೋ ಹೆದರಿಕೆ ಆಗಲಿಲ್ಲ. ಅದೊಂದು ತಲೇಲಿ ಇರಲಿಲ್ಲ. ಬೇರೆ ಯೋಚನೆಗೆ ಜಾಗ ಇತ್ತು. ಹಾರಿಸಬಾರದು ಅನ್ನೋ ಯೋಚನೆಗೂ.’

ಕ್ವಾರಿಯಲ್ಲಿ ಆಗಲೇ ಜನ ಸೇರಿದ್ದರು. ಸಾಲಿನ ಮುಂದೆ ಕೋಲೂರಿಕೊಂಡ ಒಬ್ಬ ಮುದುಕ, ಅವನ ಹಿಂದೆ ಬೇಕರಿಯ ಹೆಂಗಸು, ಅವಳ ಹಿಂದೆ ಗಣಿಯಲ್ಲಿ ಎರಡು ಬೆರಳು ಕಳೆದುಕೊಂಡವನು. ವರ್ಲಿನ್ ಯಾರ ಹಿಡಿತವನ್ನೂ ತಿದ್ದುತ್ತಿರಲಿಲ್ಲ. ಮೂತಿ ಎತ್ತ ಇರಬೇಕು ಎಂದಷ್ಟೇ ಹೇಳಿ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ. ಅವನನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡ.

‘ಪಿಸ್ತೂಲು ಯಾವ ಕೈಲಿತ್ತು?’ ಎಂದ.

ನಾನು ಕೇಳಿರಲಿಲ್ಲ. ಅಲ್ಲಿಂದಲೇ ಮತ್ತೆ ಫೋನ್ ಮಾಡಿದೆ.

‘ಎಡಗೈಲಿ,’ ಎಂದಳು ಟ್ವೈಲಾ. ‘ಬಾಗಿಲು ಒತ್ತಿ ಹಿಡಿಯೋಕೆ ಬಲಗೈ ಬೇಕಾಗಿತ್ತು. ಫೋನ್ ನೆಲದ ಮೇಲೆ ಇಟ್ಟು ಶೆರಿಫ್‌ನವರಿಗೆ ಕೂಗಿ ಹೇಳ್ತಿದ್ದೆ. ಯಾಕೆ?’

ನಾನು ವರ್ಲಿನ್‌ಗೆ ಹೇಳಿದೆ. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

‘ಎಡಗೈಲಿ ನಾವು ನೋಡೇ ಇಲ್ಲವಲ್ಲ,’ ಎಂದ. ‘ಖಾಲಿ ತೋಟಾ ಬಲಕ್ಕೆ ಚಿಮ್ಮೋದು, ಎಡಗೈಲಿ ಹಿಡಿದ್ರೆ ಅವಳ ಮುಖದ ಕಡೆಗೇ ಹಾರುತ್ತೆ. ಸೇಫ್ಟಿ ಗುಂಡಿ ಎಲ್ಲಿದೆ ಅಂತ ಹೆಬ್ಬೆರಳಿಗೂ ಗೊತ್ತಿರಲ್ಲ.’

ಫೋನಿನಲ್ಲಿ ಅವಳಿಗೆ ಅದೂ ಕೇಳಿಸಿತ್ತು. ಅವಳ ಹಿಂದೆ ಯಾರೋ ಮುದುಕರು ನೀರು ಕೇಳುತ್ತಿದ್ದರು.

‘ನಾಳೆ ಚರ್ಚ್ ಮುಗಿಸ್ಕೊಂಡು ಬರ್ತೀನಿ,’ ಎಂದಳು. ‘ಕ್ವಾರಿ ಗೇಟು ತೆಗೆದಿಟ್ಟಿರೋಕೆ ಹೇಳಿ. ವರ್ಲಿನ್ ಹಾರಿಸಿ ನೋಡೋದು ಬೇಡ, ಎಡಗೈಲಿ ನಾನೇ ನೋಡ್ತೀನಿ.’